ಪೇಟಿಯೊಳಗಿನ ಚರ್ಮ

ಬೋರ್ಡು ಬರೆಯುವ ಪೇಂಟರನಿಗೆ ನಾನು ಚೀಟಿಯಲ್ಲಿ ಸರಿಯಾಗಿಯೇ ಬರೆದುಕೊಟ್ಟಿದ್ದೆ: ‘ಪಿಯಾನೊ ಮತ್ತು ಪೇಟಿ ರಿಪೇರಿ ಕೆಲಸ ಕಲಿಯುವ ಯುವಕ ಯುವತಿಯರು ಬೇಕಾಗಿದ್ದಾರೆ.’ ಆ ಮಹಾಶಯ ಹುಟ್ಟಿದಾಗಿನಿಂದ ಪಿಯಾನೊ ಕಂಡವನಲ್ಲ. ನಾನೇ ತಪ್ಪು ಬರೆದಿದ್ದೇನೆಂದು ಕನಿಕರಪಟ್ಟು ತಿದ್ದಿ ‘ಪಿಯೋನ’ ಎಂದು ಬರೆದ. ಜಾಗ ಸಾಲದ್ದಕ್ಕೆ ‘ರಿಪೇರಿ’ಯನ್ನೂ ಬಿಟ್ಟ. ‘ಪಿಯೋನ ಮತ್ತು ಪೇಟಿ ಕೆಲಸ.’ ನಮ್ಮ ಸುರಪುರವೋ ತಾಲ್ಲೂಕು ಕಚೇರಿಗಳ ಊರು. ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೆ ಅಂಕಪಟ್ಟಿ, ಆಧಾರ್ ಕಾರ್ಡಿನ ಜೆರಾಕ್ಸು ಹಿಡಿದ ಹುಡುಗರ ಸಾಲು. ಒಬ್ಬ ಬಹಳ ವಿನಯದಿಂದ ಕೇಳಿದ, “ಪಿಯೋನ್ ಕೆಲಸ ಗೊತ್ತಾತ್ರಿ ಸಾಹೇಬ್ರ. ಪೇಟಿ ಕೆಲಸ ಅಂದ್ರ ಇಲೆಕ್ಷನ್ ಪೇಟಿ ಹೊರೋದೇನ್ರಿ?”

ನಾನು ಎಲ್ಲರನ್ನೂ ಬೈದು ಕಳಿಸಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಹರೆಯದಲ್ಲಿ ಸಿಕಂದರಾಬಾದಿನ ಒಂದು ಅಂಗಡಿಯಲ್ಲಿ ಪಿಯಾನೊ ಕೆಲಸ ಕಲಿತು ಬಂದವನು ನಾನು. ಇಲ್ಲಿ ಪಿಯಾನೊ ಎಲ್ಲಿದೆ? ಯಾದಗಿರಿಯ ಒಂದು ಶಾಲೆಯಲ್ಲಿ ಒಂದೇ ಒಂದು ಇದೆ. ಉಳಿದಂತೆ ಹೊಟ್ಟೆ ಹೊರೆಯುವುದು ಪೇಟಿಯಿಂದ, ಅಂದರೆ ಹಾರ್ಮೋನಿಯಂನಿಂದ. ಭಜನೆಯವರ ಪೇಟಿ, ಬಯಲಾಟದವರ ಪೇಟಿ, ಶಾಲೆಗಳ ಪೇಟಿ. ಶಹಾಪುರ, ಯಾದಗಿರಿ, ಆಚೆ ಹೊಳೆಯ ದಂಡೆಯ ಹಳ್ಳಿಗಳು, ಎಲ್ಲ ಕಡೆಯಿಂದಲೂ ನನ್ನಲ್ಲಿಗೇ ಬರುತ್ತವೆ. ನನ್ನ ನಂತರ ಯಾರು ಎಂದು ಕೇಳಿದರೆ ಉತ್ತರವಿಲ್ಲ. ಕಲಿಯಲು ಬಂದವರು ಎರಡು ತಿಂಗಳು ಹಿತ್ತಾಳೆ ಕೆರೆದು, ನನ್ನ ಬೈಗುಳ ತಿಂದು, ಮೊಬೈಲ್ ರಿಪೇರಿ ಅಂಗಡಿಗೋ ಕಡೇಚೂರಿನ ಫ್ಯಾಕ್ಟರಿಗೋ ಹೋಗಿಬಿಡುತ್ತಾರೆ. ಅವರನ್ನಾದರೂ ಏನೆನ್ನಲಿ? ಮೊಬೈಲು ಕೆಟ್ಟರೆ ಜನ ಓಡಿ ಬರುತ್ತಾರೆ, ಪೇಟಿ ಕೆಟ್ಟರೆ ವರ್ಷಗಟ್ಟಲೆ ಹಾಗೇ ಬಾರಿಸುತ್ತಾರೆ.

ಸಾಲು ಚದುರಿದ ಮೇಲೂ ಒಬ್ಬ ತಂದೆ, ಒಬ್ಬ ಮಗಳು ನಿಂತೇ ಇದ್ದರು. ತಂದೆ ಭೀಮರಾಯನಗುಡಿಯ ಕಾಲುವೆ ಆಫೀಸಿನಲ್ಲಿ ಪ್ಯೂನು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕಾಲಲ್ಲಿ ರಬ್ಬರ್ ಚಪ್ಪಲಿ. ತಮ್ಮಂಥದೇ ಕೆಲಸ ಮಗಳಿಗೂ ಸಿಕ್ಕೀತೆಂದು ಅಷ್ಟು ದೂರದಿಂದ ಬಸ್ಸು ಹಿಡಿದು ಬಂದಿದ್ದರು. “ಯಾವ ಇಲಾಖೆರಿ ಇದು?” ಎಂದು ಕೇಳಿದರು. ಇಲಾಖೆಯಲ್ಲ, ಪೇಟಿ ಅಂಗಡಿ ಎಂದೆ. ಅವರ ಮುಖ ಇಳಿಯಿತು. ಆದರೆ ಕಣ್ಣು ಕಪಾಟಿನ ಮೇಲಿದ್ದ ಪೇಟಿಗಳ ಕಡೆ ಹೋಯಿತು. ನಾವೂ ಬಾರಿಸುತ್ತೇವೆ, ನಮ್ಮದೊಂದು ಹಾಡಿನ ಮೇಳ ಇದೆ, ಬುದ್ಧ ಪೂರ್ಣಿಮೆ, ಜಯಂತಿಗಳಿಗೆ ಹಾಡುತ್ತೇವೆ ಎಂದರು. ಪೇಟಿ ಬಾರಿಸುವವನ ಮುಂದೆ ನನ್ನ ಸಿಟ್ಟು ನಿಲ್ಲುವುದಿಲ್ಲ. ಕೂತುಕೊಳ್ಳಿ ಎಂದೆ.

ಅವರು ಮಗಳ ಅಂಕಪಟ್ಟಿಯನ್ನು ಚೀಲಕ್ಕೆ ಸೇರಿಸುವಷ್ಟರಲ್ಲಿ ನಾನು ಹುಡುಗಿಯನ್ನು ಪರೀಕ್ಷಿಸಿದೆ. ಯಾರು ಬಂದರೂ ನಾನು ಮೊದಲು ಮಾಡುವುದು ಇದೊಂದೇ ಪರೀಕ್ಷೆ. ಪೇಟಿಯಲ್ಲಿ ಬೆರಳು ಒತ್ತುವ ಒಂದೊಂದು ಪಟ್ಟಿಯ ಕೆಳಗೂ ಹಿತ್ತಾಳೆಯ ನಾಲಗೆಗಳು ಇರುತ್ತವೆ. ಕಸುಬಿನಲ್ಲಿ ನಾವು ಅವನ್ನು ಸುರ ಎನ್ನುತ್ತೇವೆ. ಕೂದಲೆಳೆಯಷ್ಟು ಮಾತ್ರ ವ್ಯತ್ಯಾಸವಿರುವ ಎರಡು ಸುರ ಒಟ್ಟಿಗೆ ನುಡಿಸಿ, ಎಷ್ಟು ಸ್ವರ ಕೇಳುತ್ತವೆ ಎನ್ನುತ್ತೇನೆ. ಎಲ್ಲರೂ ಒಂದು ಎನ್ನುತ್ತಾರೆ. ಹುಡುಗಿ ತಲೆ ವಾಲಿಸಿ ಕೇಳಿದಳು.

“ಎರಡು ಅದಾವ್ರಿ,” ಎಂದಳು. “ಒಂದನ್ನ ಒಂದು ದಬ್ಬಾಕತ್ತಾವ.”

ನನಗೆ ಆದ ಸಂತೋಷ ಹೇಳಲಾರೆ. ತೋರಿಸಿಕೊಳ್ಳಲಿಲ್ಲ, ಅಷ್ಟೆ. ನಾಳೆಯಿಂದ ಬಾ ಎಂದೆ.

ಅವಳು ಬಂದಳು, ದಿನಾ ಬಂದಳು. ಸುರದ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಹೇಳಲು ಇಷ್ಟೇ. ಆದರೆ ಒಮ್ಮೆ ಕೆರೆದದ್ದನ್ನು ತಿರುಗಿ ಹಚ್ಚಲಾಗದು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂದು ಹಿರಿಯರು ಸುಮ್ಮನೆ ಅಂದಿಲ್ಲ. ಅವಳು ಕೆಡಿಸಿದ ಸುರಗಳನ್ನು ನಾನು ಅವಳ ಮುಂದೆಯೇ ಡಬ್ಬಿಗೆ ಎಸೆಯುತ್ತಿದ್ದೆ. ಅವಳು ಅಳುತ್ತಿರಲಿಲ್ಲ, ಹಳೆಯ ಡಬ್ಬಿಯಿಂದ ಇನ್ನೊಂದು ಎತ್ತಿಕೊಳ್ಳುತ್ತಿದ್ದಳು. ಯಾದಗಿರಿಯ ಪಿಯಾನೊ ಕೆಲಸಕ್ಕೂ ಕರೆದೊಯ್ದೆ. ಅಲ್ಲಿ ತಂತಿ ಬಿಗಿಯುವಾಗ ಮುಖ ಹತ್ತಿರ ಒಯ್ಯಬೇಡ, ಹರಿದರೆ ಕಣ್ಣು ಹೋದೀತು ಎಂದು ಗದರಿದರೆ, “ಮುಖಾ ದೂರ ಇಟ್ರ ಕಿವೀನೂ ದೂರ ಹೋಗ್ತದಲ್ರೀ ಮಾಸ್ತರ್ರ,” ಎಂದು ಉತ್ತರ ಕೊಟ್ಟಳು. ಬೈಯಬೇಕೆನಿಸಿತು, ನಗು ಬಂತು. ಇವಳು ಉಳಿದರೆ ಸಾಕು ಎಂದು ಆ ದಿನ ವಾಪಸು ಬರುವ ಬಸ್ಸಿನಲ್ಲಿ ದೇವರನ್ನು ಬೇಡಿಕೊಂಡೆ. ನಾನು ಹೆಚ್ಚಾಗಿ ಬೇಡುವವನಲ್ಲ.

ಬೇಸಿಗೆ ಶುರುವಾದಾಗ ಅವಳಿಗೆ ಚರ್ಮದ ಕೆಲಸ ಕೊಟ್ಟೆ.

ಪೇಟಿಯಲ್ಲಿ ಚರ್ಮ ಇರುವುದು ಬಾರಿಸುವವರಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಪಟ್ಟಿಯ ಹಿಂಬದಿ, ಗಾಳಿಯ ಕಿಂಡಿ ಮುಚ್ಚುವ ಜಾಗದಲ್ಲಿ ತೆಳ್ಳಗಿನ ಬಿಳಿ ಕುರಿಚರ್ಮ ಹಚ್ಚಿರುತ್ತಾರೆ. ಬೆರಳು ಒತ್ತಿದರೆ ಆ ಮುಚ್ಚಳ ಎದ್ದು ಗಾಳಿ ನುಗ್ಗಿ ಸುರ ನುಡಿಯುತ್ತದೆ, ಬೆರಳು ತೆಗೆದರೆ ಮುಚ್ಚಿ ಸುಮ್ಮನಾಗುತ್ತದೆ. ಪೇಟಿ ಸುಮ್ಮನಿರುವುದು ಆ ಚರ್ಮದ ಪುಣ್ಯದಿಂದ. ನಾನು ಅವಳ ಕೈಗೆ ಚರ್ಮದ ತುಂಡು, ಕತ್ತಿ ಕೊಟ್ಟು, ಪಟ್ಟಿಯ ಅಳತೆಗೆ ಕೊಯ್ದು ಹಚ್ಚು ಎಂದೆ. ಅವಳು ಏನ್ರಿ ಇದು ಎಂದು ಕೇಳಿದಳು. ಚರ್ಮ ಎಂದೆ. ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ಕೂತಿದ್ದಳು. ಆಮೇಲೆ ಕೊಯ್ದಳು, ಬಹಳ ಚೆನ್ನಾಗಿಯೇ ಕೊಯ್ದಳು.

ಮರುದಿನ ಅವಳ ಜತೆ ತಂದೆಯೂ ಬಂದರು. ಆಫೀಸಿನ ದಿನ, ರಜೆ ಹಾಕಿ ಬಂದಿದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಮಾಸ್ತರ್ರ, ನಿನ್ನೆ ನನ್ನ ಮಗಳ ಕೈಯಾಗ ಚರ್ಮ ಕೊಟ್ಟೀರಂತ.”

“ಕೊಟ್ಟೀನಿ. ಅದೂ ಕೆಲಸದಾಗ ಬರ್ತದ.”

“ನಮ್ಮಪ್ಪನ್ನ ಊರಾಗ ಸತ್ತ ದನಾ ಎಳಿಯಾಕ ಹಚ್ಚಿದ್ರು. ಚರ್ಮ ಸುಲಿಯಾಕ ಹಚ್ಚಿದ್ರು. ಆತ ಬುದ್ಧನ ಧಮ್ಮಕ್ಕ ಬಂದ ದಿನಾ ಆ ಕತ್ತಿ ಒಯ್ದು ಬಾವ್ಯಾಗ ಒಗದ. ಇವತ್ತಿಗೂ ನಮ್ಮ ಮನ್ಯಾಗ ಚರ್ಮದ ಬೆಲ್ಟ್ ಇಲ್ಲ, ಚಪ್ಪಲ್ ಇಲ್ಲ. ರಬ್ಬರ್ ಹಾಕೋತೀವಿ. ಮಗಳಿಗಿ ಮತ್ತ ಅದೇ ಕತ್ತಿ ಹಿಡಿಸಿದ್ರಿ?”

ನನಗೆ ಇದು ಹೊಳೆದೇ ಇರಲಿಲ್ಲ. ಹೊಳೆಯದ್ದಕ್ಕೆ ನಾಚಿಕೆಪಡುವ ಬದಲು ನಾನು ದನಿ ಏರಿಸಿದೆ.

“ಅದು ಬ್ಯಾರೆ, ಇದು ಬ್ಯಾರೆ. ಇದು ಸಂಗೀತದ ಕೆಲಸ!”

“ಇಷ್ಟು ದಿನಾ ನಿಮ್ಮ ಅಂಗಡ್ಯಾಗ ಚರ್ಮ ಯಾರು ಕೊಯ್ತಿದ್ರಿ?”

“ನಾನ ಕೊಯ್ತಿದ್ದೆ.”

“ನೀವು ಚರ್ಮ ಕೊಯ್ದರ ಮಂದಿ ನಿಮಗ ಏನಂತಾರ್ರಿ?”

“ಏನಂತಾರ? ಮಾಸ್ತರ ಅಂತಾರ.”

“ನನ್ನ ಮಗಳು ಕೊಯ್ದರ ಏನಂತಾರ, ನಾ ಬಾಯಿ ಬಿಟ್ಟು ಹೇಳಬೇಕೇನ್ರಿ?”

ಅವರು ದನಿ ಏರಿಸಿರಲಿಲ್ಲ. ಉತ್ತರ ಇಲ್ಲದವನಿಗೆ ಸಿಟ್ಟೇ ಉತ್ತರ. ನನ್ನ ನಾಲಗೆ ತುದಿಗೆ ಒಂದು ಮಾತು ಬಂದುಬಿಟ್ಟಿತು: ನೀವು ಇಷ್ಟು ವರ್ಷ ಬಾರಿಸುತ್ತಿರುವ ನಿಮ್ಮ ಪೇಟಿಯೊಳಗೆ ಏನಿದೆ ಅಂದುಕೊಂಡಿದ್ದೀರಿ? “ನಿಮ್ಮ ಪೇಟಿ” ಎನ್ನುವವರೆಗೆ ಹೇಳಿಯೂ ಬಿಟ್ಟೆ. ಅಷ್ಟರಲ್ಲಿ ತಂದೆಯ ಬೆನ್ನ ಹಿಂದೆ ನಿಂತಿದ್ದ ಹುಡುಗಿ ನನ್ನತ್ತ ನೋಡಿ ತಲೆ ಅಲ್ಲಾಡಿಸಿದಳು. ಬೇಡ ಎಂದು. ಅವಳ ಕಣ್ಣಲ್ಲಿ ಭಯ ಇತ್ತು. ನಾನು ಮಾತು ನುಂಗಿದೆ. “ನಿಮ್ಮ ಪೇಟಿ ಸರ್ವಿಸಿಗಿ ತರ್ರಿ, ಬುದ್ಧನ ಹುಣ್ಣಿಮಿ ಬಂತು,” ಎಂದು ಹೇಗೋ ಹೊರಳಿಸಿದೆ.

“ತರ್ತೀನಿ,” ಎಂದರು ಅವರು. “ಹುಣ್ಣಿಮಿ ತನಕಾ ಈಕಿ ಬರ್ತಾಳ. ಅಷ್ಟರಾಗ ಚರ್ಮ ಇಲ್ಲದ ಹಾದಿ ನೋಡ್ರಿ. ಇಲ್ಲಂದ್ರ ಹುಣ್ಣಿಮಿ ಮರುದಿನಾನ ಕಡೇಚೂರಿಗಿ. ಫ್ಯಾಕ್ಟರ್ಯಾಗ ಪ್ಯಾಕಿಂಗ್ ಕೆಲಸ ಅದ, ನಮ್ಮ ಭಾವ ಮಾತಾಡ್ಯಾನ. ನನಗ ನಿಮ್ಮ ಮ್ಯಾಲ ಸಿಟ್ಟಿಲ್ರಿ ಮಾಸ್ತರ್ರ.”

ಅವರು ಹೋದ ಮೇಲೆ ಅವಳನ್ನು ಕೇಳಿದೆ, ಯಾಕೆ ತಡೆದೆ ಎಂದು.

“ಆ ಪೇಟಿ ಅಂದ್ರ ಅಪ್ಪಗ ಜೀವಾರಿ. ಅದರಾಗೂ ಚರ್ಮ ಅದ ಅಂತ ಗೊತ್ತಾತಂದ್ರ ಮುಟ್ಟಂಗಿಲ್ಲ ಅಂವ. ಬಾರಸೋದ ಬಿಟ್ಟುಬಿಡ್ತಾನ.”

ಚರ್ಮದ ಕೆಲಸ ಬಿಟ್ಟು ಕಲಿತರೆ ನನ್ನ ನಂತರ ಅಂಗಡಿ ನಡೆಸಲಾಗದು. ಅಂದಿನಿಂದ ನಮ್ಮಿಬ್ಬರಿಗೂ ಚರ್ಮವಿಲ್ಲದ ಪೇಟಿಯದ್ದೇ ಧ್ಯಾನ. ಉಣ್ಣೆ ಬಟ್ಟೆ ಹಚ್ಚಿ ನೋಡಿದೆವು, ಗಾಳಿ ಸೋರಿ ಪೇಟಿ ದಮ್ಮು ಕಟ್ಟಿದವರಂತೆ ಸುಯ್ಯೆಂದಿತು. ಸೈಕಲ್ ಟ್ಯೂಬು ಹಚ್ಚಿದೆವು, ಕಿಂಡಿಗೆ ಅಂಟಿಕೊಂಡು ಪಟ್ಟಿ ಏಳಲೇ ಇಲ್ಲ. ಕೊನೆಗೆ ಅವಳು ಶಹಾಪುರದಲ್ಲಿ ಗಾಡಿಗಳ ಸೀಟು ಹೊಲಿಯುವ ಅಂಗಡಿಯಿಂದ ತೆಳ್ಳಗಿನ ಕರಿ ರೆಕ್ಸಿನ್ ತಂದಳು. ಫ್ಯಾನಿನ ಕೆಳಗೆ, ಅಂಗಡಿಯ ನೆರಳಲ್ಲಿ, ಅದು ಚರ್ಮದಷ್ಟೇ ಚೆನ್ನಾಗಿ ಮುಚ್ಚಿತು. ಅವಳ ಮುಖದಲ್ಲಿ ಬೆಳಕು ಮೂಡಿತು. ನಾನು ಅವಳನ್ನು ಬೈದೆ.

“ಬಿಸಿಲಾಗ ಇಟ್ಟು ನೋಡು ಮೊದಲ. ವೈಶಾಖದ ಬಿಸಿಲಿಗಿ ಇದು ಮುರುಟತದ.”

“ಮುರುಟಲಿಲ್ಲಂದ್ರ?”

ನಿಜ ಹೇಳಬೇಕೆಂದರೆ, ಮುರುಟದಿರಲಿ ಎಂದು ನಾನೂ ಆಸೆಪಡುತ್ತಿದ್ದೆ.

ತಂದೆಯ ಪೇಟಿ ಬಂತು. ಹಳೆಯ, ಒಳ್ಳೆಯ ಪೇಟಿ. ಒಂದು ಬಿಳಿ ಪಟ್ಟಿಯ ಚರ್ಮವನ್ನು ಮಾತ್ರ ಇಲಿ ಕಡಿದಿತ್ತು. ಉಳಿದದ್ದೆಲ್ಲ ಗಟ್ಟಿ. ಅವಳು ಆ ಒಂದಕ್ಕೆ ರೆಕ್ಸಿನ್ ಹಚ್ಚಿದಳು. ಈ ಒಂದು ತುಂಡು ಹುಣ್ಣಿಮೆಯ ದಿನ ತಡೆದರೆ ಉಳಿದವನ್ನೂ ಒಂದೊಂದಾಗಿ ಬದಲಿಸುತ್ತೇನೆ, ಅಪ್ಪನ ಪೇಟಿಯಲ್ಲಿ ಚರ್ಮ ಇತ್ತೆಂಬುದೇ ಅಪ್ಪನಿಗೆ ಗೊತ್ತಾಗುವುದಿಲ್ಲ, ನಾನೂ ಕಡೇಚೂರಿಗೆ ಹೋಗುವುದಿಲ್ಲ ಎಂಬುದು ಅವಳ ಲೆಕ್ಕ. ಇರಲಿ, ಆದದ್ದಾಗಲಿ ಎಂದೆ.

ಹುಣ್ಣಿಮೆಯ ದಿನ ಮಧ್ಯಾಹ್ನವೇ ನಾನು ಭೀಮರಾಯನಗುಡಿಗೆ ಹೋದೆ. ಕಾಲುವೆ ಇಲಾಖೆಯ ಕ್ಯಾಂಪಿನ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು, ವೇದಿಕೆಯ ಪಡುವಣ ಬದಿಗೆ ಮಾತ್ರ ಪರದೆ ಕಟ್ಟಿರಲಿಲ್ಲ. ಇಳಿಬಿಸಿಲು ನೆಟ್ಟಗೆ ಪೇಟಿಯ ಮೇಲೆ ಬೀಳುತ್ತಿತ್ತು. ರೆಕ್ಸಿನ್ ಮುರುಟುವುದು ಇಂಥ ಬಿಸಿಲಿಗೇ. ಪೇಟಿಯನ್ನು ಈಚೆ ಸರಿಸಿ ಎಂದು ಒಬ್ಬ ಕಾರ್ಯಕರ್ತನಿಗೆ ಹೇಳಿದೆ. “ಮೈಕ್ ಅಲ್ಲೇ ಫಿಕ್ಸ್ ಆಗೇದ್ರಿ ಅಜ್ಜಾರ,” ಎಂದ. ಅಜ್ಜನಂತೆ. ಹುಡುಗಿ ಹೆಂಗಸರ ಸಾಲಿನಲ್ಲಿ ಮುಂದೆಯೇ ಕೂತಿದ್ದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬುದ್ಧ ವಂದನೆ ಆಯಿತು, ಭಾಷಣ ಆಯಿತು. ಬಿಸಿಲು ಮಾತ್ರ ಪೇಟಿಯನ್ನು ಬಿಟ್ಟು ಕದಲಲಿಲ್ಲ. ಕೊನೆಗೆ ಮೇಳದವರು ಕೂತರು. ತಂದೆ ಪೇಟಿಯ ಮುಂದೆ, ಅದೇ ಬಿಳಿ ಅಂಗಿಯಲ್ಲಿ. ಅವರು ಹಾಡಿಗೆ ಆಧಾರವಾಗಿ ಹಿಡಿಯುವ ಸ್ವರ ಕರಿ ಎರಡು, ಅಂದರೆ ಎರಡನೆಯ ಕರಿ ಪಟ್ಟಿ. ಬೆರಳು ನಿಜವಾಗಿಯೂ ಒಳ್ಳೆಯ ಬೆರಳು. ಮೊದಲ ಹಾಡು ದಾಟಿತು. ಎರಡನೆಯ ಹಾಡಿನ ನಡುವೆ ನನ್ನ ಕಿವಿಗೆ ಮೊದಲು ಬಂತು: ಕರಿ ಎರಡರ ಪಕ್ಕದ ಬಿಳಿ ಪಟ್ಟಿ, ಯಾರೂ ಒತ್ತದಿದ್ದರೂ, ಸಣ್ಣಗೆ ನರಳಲು ಶುರು ಮಾಡಿತ್ತು. ಮುಂದಿನ ಸಾಲಿಗೆ ಬರುವಷ್ಟರಲ್ಲಿ ಅದು ನರಳಾಟವಾಗಿ ಉಳಿಯಲಿಲ್ಲ, ಕೂಗಾಯಿತು. ಗಾಳಿಯ ತಿದಿ ಒತ್ತಿದಷ್ಟೂ ಕೂಗಿತು. ಹಾಡುವವನ ಸ್ವರ ಜಾರಿತು, ಅವನು ನಿಲ್ಲಿಸಿ ಪೇಟಿಯತ್ತ ತಿರುಗಿದ. ಸೌಂಡ್ ಬಾಕ್ಸುಗಳಲ್ಲಿ ಆ ಬೇಸುರು ಬಯಲು ತುಂಬ ಕೂಗುತ್ತಿತ್ತು. ಹಿಂದಿನಿಂದ ಯಾರೋ ಹುಡುಗರು, “ಪೇಟಿ ಅಳಾಕತ್ತದಲೇ!” ಎಂದು ನಕ್ಕರು.

ತಂದೆ ತಿದಿ ಬಿಟ್ಟು ಜನರಲ್ಲಿ ನನ್ನನ್ನು ಹುಡುಕಿದರು. ನಾನು ರಿಪೇರಿ ಸಾಮಾನಿನ ಚೀಲ ಹಿಡಿದು ಎದ್ದಾಗಿತ್ತು. ಮೈಯನ್ನು ಅಡ್ಡ ಇಟ್ಟು, ಅವರಿಗೆ ಒಳಗು ಕಾಣದಂತೆ ತೆಗೆದು, ಹೇಗೋ ಮುಗಿಸಿಬಿಡೋಣ ಎಂದು ದಾರಿಯಲ್ಲೇ ಯೋಚನೆ ಮಾಡಿಕೊಂಡೆ. ಆದರೆ ನನ್ನ ಮೊಣಕಾಲು ಮೆಟ್ಟಿಲು ಹತ್ತುವ ಮೊದಲೇ ಹುಡುಗಿ ವೇದಿಕೆಯ ಮೇಲಿದ್ದಳು. ಮೈಕಿನವನಿಗೆ ಬಂದ್ ಮಾಡು ಎಂದು ಕೈ ಮಾಡಿದಳು. ಪೇಟಿಯ ಮುಂದೆ ಕೂತು, ಅದನ್ನು ಜನರ ಕಡೆಗಲ್ಲ, ನನ್ನ ಕಡೆಗೂ ಅಲ್ಲ, ತಂದೆಯ ಕಡೆಗೆ ತಿರುಗಿಸಿ ಮುಚ್ಚಳ ತೆಗೆದಳು.

ಬೇಡ ಎನ್ನಬೇಕೆಂದುಕೊಂಡೆ. ಈ ಬಾರಿ ತಲೆ ಅಲ್ಲಾಡಿಸುವವನು ನಾನಾಗಿದ್ದೆ. ಅವಳು ನೋಡಲಿಲ್ಲ.

ಪಟ್ಟಿಗಳನ್ನು ಬಿಗಿಹಿಡಿಯುವ ತಂತಿ ಸರಿಸಿ, ಕೂಗುತ್ತಿದ್ದ ಬಿಳಿ ಪಟ್ಟಿ ಹೊರತೆಗೆದು ಮಗುಚಿದಳು. ಕರಿ ರೆಕ್ಸಿನ್ ಬಿಸಿಲಿಗೆ ಅಂಚು ಮುರುಟಿ ಎದ್ದಿತ್ತು. ಆಮೇಲೆ ಅವಳು ಪಕ್ಕದ ಕರಿ ಎರಡನ್ನೂ ತೆಗೆದಳು. ಅದನ್ನು ತೆಗೆಯುವ ಅಗತ್ಯವೇ ಇರಲಿಲ್ಲ. ಅದನ್ನು ಮಗುಚಿ ತಂದೆಯ ಅಂಗೈ ಮೇಲೆ ಇಟ್ಟಳು. ಬಿಳಿ ಚರ್ಮ, ನಡುವೆ ಕಿಂಡಿಯ ಅಚ್ಚು ಮೂಡಿತ್ತು.

“ಏನಿದು?”

“ಚರ್ಮ, ಅಪ್ಪಾ.”

“ಇದೊಂದಕ್ಕೇ ಹಚ್ಚ್ಯಾರೇನು?”

“ಎಲ್ಲಾದಕ್ಕೂ. ಮೊದಲಿಂದ.”

ಅವರು ಹೆಬ್ಬೆರಳಿನಿಂದ ಅದನ್ನು ಮುಟ್ಟಿದರು. ತಮ್ಮ ಸ್ವರವನ್ನು ಹೊರಡಿಸುತ್ತಿದ್ದ ಪಟ್ಟಿ ಅದು. ನನ್ನತ್ತ ನೋಡಿದರು. “ನಿಮಗ ಗೊತ್ತಿತ್ತೇನ್ರಿ?” ಹೌದೆಂದೆ. “ಆ ದಿನಾ ಯಾಕ ಹೇಳಲಿಲ್ಲ?” ನಾನು ಬಾಯಿ ತೆರೆಯುವ ಮೊದಲೇ ಅವಳು, “ನಾ ಬ್ಯಾಡಂದೆ,” ಎಂದಳು. ಅವರ ಮುಖದಲ್ಲಿ ಏನು ಹಾದುಹೋಯಿತೋ ನನಗೆ ತಿಳಿಯಲಿಲ್ಲ. ಪೇಟಿಯನ್ನು ಅಲ್ಲೇ ಬಿಟ್ಟು ಎದ್ದು ಹೋಗುತ್ತಾರೆ ಎಂದೇ ಎಣಿಸಿದ್ದೆ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಒಬ್ಬ ಶಿಷ್ಯೆ ಹೋದಾಳೆಂಬ ಹೆದರಿಕೆ ಮಾತ್ರವಲ್ಲ, ಒಬ್ಬ ಮನುಷ್ಯನಿಂದ ಅವನ ಹಾಡನ್ನೇ ಕಿತ್ತುಕೊಂಡೆವೇನೋ ಎಂಬ ಹೆದರಿಕೆ.

ಹುಡುಗಿ ನನ್ನ ಚೀಲಕ್ಕೆ ಕೈ ಹಾಕಿ ಚರ್ಮದ ತುಂಡು, ಕತ್ತಿ ತೆಗೆದು ಪೇಟಿಯ ಮೇಲೆ ಇಟ್ಟಳು.

“ಅಜ್ಜನ್ನ ಚರ್ಮಕ್ಕ ಹಚ್ಚಿದ್ರು, ಅಪ್ಪಾ. ನಾ ಚರ್ಮಾನ್ನ ಪೇಟಿಗಿ ಹಚ್ಚಾಕತ್ತೇನಿ. ನನ್ನ ಯಾರೂ ಹಚ್ಚಿಲ್ಲ. ನೀ ಬ್ಯಾಡಂದ್ರ ಕತ್ತಿ ಇಲ್ಲೇ ಬಿಡ್ತೀನಿ, ನಾಳಿಗಿ ಕಡೇಚೂರಿಗಿ ಹೋಗ್ತೀನಿ.”

ಕೆಳಗಿನಿಂದ ಕಾರ್ಯಕರ್ತ, “ಎಷ್ಟೊತ್ತಾಗತದ್ರಿ?” ಎಂದು ಕೇಳಿದ. ತಂದೆ ಕತ್ತಿಯನ್ನು ನೋಡುತ್ತ ಕೂತಿದ್ದರು. ಬಾವಿಗೆ ಬಿದ್ದ ಇನ್ನೊಂದು ಕತ್ತಿ ಅವರಿಗೆ ಕಾಣುತ್ತಿದ್ದಿರಬೇಕು. ಜನ ಗುಸುಗುಸು ಶುರು ಮಾಡಿದರು. ಹೆಂಗಸರ ಸಾಲಿನಲ್ಲಿ ಒಂದಿಬ್ಬರು ಎದ್ದು ನಿಂತು ಇಣುಕಿದರು. ಎಲ್ಲರಿಗೂ ಕಾಣುವಂತೆಯೇ ಪೇಟಿ ತೆರೆದು ಬಿದ್ದಿತ್ತು.

ತಂದೆ ಕರಿ ಎರಡನ್ನು ಜೋಪಾನವಾಗಿ ಅದರ ಜಾಗದಲ್ಲಿಟ್ಟರು. ಆಮೇಲೆ ಬಿಳಿ ಪಟ್ಟಿಯನ್ನು ಎತ್ತಿ, ಮಗುಚಿ, ತಮ್ಮ ಮೊಣಕಾಲ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದರು. ಅದೇಕೆಂದು ಅವಳಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಹಾಗೆ ಗಟ್ಟಿಯಾಗಿ ಹಿಡಿದರೆ ಮಾತ್ರ ಹಳೆಯ ಅಂಟು ಕೆರೆಯಲು ಬರುತ್ತದೆ.

ಅವಳು ರೆಕ್ಸಿನ್ ಕಿತ್ತು ಹಾಕಿದಳು. ಕೆರೆದಳು, ಅಳತೆ ನೋಡಿದಳು, ಎಲ್ಲರ ಮುಂದೆ ಚರ್ಮ ಕೊಯ್ದಳು. ಬೇಗ ಹಿಡಿಯುವ ಅಂಟು ಸವರಿ ಹಚ್ಚಿ ಹೆಬ್ಬೆರಳಿನಿಂದ ಒತ್ತಿದಳು. ನಾನು ಮೂರು ಸಲ ಬಾಯಿ ಹಾಕಲು ಹೋಗಿ ಮೂರು ಸಲವೂ ಸುಮ್ಮನಾದೆ. ಪಟ್ಟಿ ಕೂರಿಸಿ, ತಂತಿ ಏರಿಸಿ, ಮೆಲ್ಲಗೆ ಒಮ್ಮೆ ತಿದಿ ಒತ್ತಿದಳು. ಪೇಟಿ ಸುಮ್ಮನಿತ್ತು.

ಹಾಡುವವನು ಗಂಟಲು ಸರಿಮಾಡಿಕೊಂಡ. ಮೈಕಿನವನು ಗುಂಡಿ ಒತ್ತಿದ. ತಂದೆ ಪೇಟಿಯನ್ನು ತಮ್ಮತ್ತ ಎಳೆದುಕೊಂಡು, ಕರಿ ಎರಡರ ಮೇಲೆ ಬೆರಳಿಟ್ಟು ತಡೆದರು. ಅವರ ದನಿ ಮೈಕಿನಲ್ಲಿ ಬಯಲಿಗೆಲ್ಲ ಕೇಳಿಸಿತು.

“ಚಾಲೂ ಮಾಡ್ಲೇನ್ರಿ, ಮಾಸ್ತರ್ರ?”

“ಹೂಂ, ಮಾಡ್ರಿ,” ಎಂದು ನಾನು ಹೇಳಿಯೇ ಬಿಟ್ಟಿದ್ದೆ. ಆಗ ನೋಡಿದೆ, ಅವರು ಕೇಳಿದ್ದು ನನ್ನನ್ನಲ್ಲ. ಅವರ ಕಣ್ಣು ಮಗಳ ಮೇಲಿತ್ತು.

ಹುಡುಗಿ ತಲೆ ಎತ್ತಲಿಲ್ಲ. ಪಟ್ಟಿಯ ಹತ್ತಿರ ಕಿವಿ ಒಯ್ದು ಕೇಳುತ್ತಲೇ ಇದ್ದಳು.

“ಇನ್ನೊಂದೀಟು ತಡೀರಿ,” ಎಂದಳು. “ಅಂಟು ಆರಲಿ.”

ಅವರು ಕೈ ಹಿಂದಕ್ಕೆ ತೆಗೆದುಕೊಂಡರು.